ಹನ್ನೊಂದು ಮೀಟರ್

ಅನ್ನ ಬೆಂದಿದೆಯೇ ಅಂತ ನೋಡಲು
ಒಂದು ಅಗುಳು ಹಿಚುಕಿದರೆ ಸಾಕು.
ಗುಡ್ಡಕ್ಕೆ ಆ ಮಾತು ಒಪ್ಪುವುದಿಲ್ಲ,
ಇದನ್ನು ಯಾರೂ ಸೌಟು ಹಾಕಿ ತಿರುವಿಲ್ಲ.

ಕುಂಸಿಯಲ್ಲಿ, ಗೊಬ್ಬರದಂಗಡಿಯ ಮಾಳಿಗೆಯ ಮೇಲೆ
ನಮ್ಮ ಕಚೇರಿ. ಎರಡು ಕಂಪ್ಯೂಟರು, ಒಂದು ಫ್ಯಾನು,
ಮೆಟ್ಟಿಲ ಕೆಳಗೆ ಕೋರ್ ಪೆಟ್ಟಿಗೆಗಳು.
ಮ್ಯಾಂಗನೀಸಿನ ಕಪ್ಪು ಹತ್ತಿದ ಕೈಯಲ್ಲಿ
ಗುತ್ಯಮ್ಮ ಅವುಗಳ ಮೇಲೆ ಆಳ ಬರೆಯುತ್ತಾಳೆ,
ಒಂಬತ್ತನ್ನು ಮಾತ್ರ ಯಾವಾಗಲೂ ತಿರುಗಿಸಿ.

ಪರದೆಯ ಮೇಲೆ ಗುಡ್ಡ ಸುತ್ತುತ್ತದೆ.
ಅದರ ಚರ್ಮ ಸುಲಿದಿದ್ದೇನೆ; ಮರವಿಲ್ಲ, ದನದ ದಾರಿಯಿಲ್ಲ,
ಬರೀ ಇಪ್ಪತ್ತೆಂಟು ಕಡ್ಡಿಗಳು
ಗಾಳಿಯಲ್ಲಿ ನೇತುಬಿದ್ದ ಹಾಗೆ.
ಐವತ್ತು ಮೀಟರಿಗೊಂದು.
ನಡುವೆ ಇರುವುದೆಲ್ಲ ನನ್ನ ಮಾತು.

ಪಕ್ಕದ ಕಲ್ಲಿನ ನೆನಪು ಕಲ್ಲಿಗೆ ಎಷ್ಟು ದೂರದವರೆಗೆ?
ಅದಕ್ಕೊಂದು ಗ್ರಾಫ್ ಇದೆ, ವೇರಿಯೋಗ್ರಾಮ್.
ಮೊದಮೊದಲು ಏರುತ್ತದೆ, ಆಮೇಲೆ ಚಪ್ಪಟೆ.
ಚಪ್ಪಟೆಯಾದಲ್ಲಿಗೆ ಸಂಬಂಧ ಮುಗಿಯಿತು.
ನಮ್ಮ ಗುಡ್ಡದಲ್ಲಿ ಅದು ಅರವತ್ತೆರಡು ಮೀಟರು,
ಅಷ್ಟರೊಳಗೆ ನೆಂಟರು, ಆಚೆಗೆ ದಾರಿಹೋಕರು.
(ನಮ್ಮ ಸೋದರತ್ತೆಯ ಮಕ್ಕಳ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ.)

ಒತ್ತೊತ್ತಾಗಿ ಕೊರೆದಲ್ಲಿ ಕೆಂಪು ತುಂಬುತ್ತೇನೆ: ಖಚಿತ.
ಸ್ವಲ್ಪ ಸರಿದರೆ ಹಳದಿ: ಸೂಚಿತ.
ಅದರಾಚೆ ನೀಲಿ. ಊಹೆಗೊಂದು ಮರ್ಯಾದೆಯ ಅಂಗಿ.
ನೀಲಿಯನ್ನು ಹಳದಿ ಮಾಡಲು
ಇನ್ನೆಷ್ಟು ರಂಧ್ರ ಬೇಕು ಎಂದು
ಫೋನಿನಲ್ಲಿ ಸಾಹೇಬರು ಕೇಳುತ್ತಾರೆ,
ಹಳೇ ಸೀರೆಗೆ ಬಣ್ಣ ಹಾಕಿಸುವವರ ಹಾಗೆ.

ಹದಿನೇಳರ ಬಳಿ ಅದಿರು ಮುರಿದಿತ್ತು.
ಹದಿನಾರರಿಂದ ಸಲೀಸಾಗಿ ಇಳಿದು ಬಂದ ಪದರ
ಅಲ್ಲಿ ತಟ್ಟನೆ ಎಂಟು ಮೀಟರು ಕುಸಿದು
ಹದಿನೆಂಟರಲ್ಲಿ ಮತ್ತೆ ತನ್ನ ದಾರಿಗೆ.
ಎರಡು ರಾತ್ರಿ ಕೂತು ಎರಡು ಸ್ತರಭಂಗ ಎಳೆದೆ.
ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ
ನೆಲ ಹೀಗೆ ಬಿರಿದಿರಬೇಕು ಎಂದು ವರದಿಗೆ ಒಂದು ಪ್ಯಾರಾ.
ಚೆನ್ನಾಗಿತ್ತು ಆ ಪ್ಯಾರಾ.

ಮೂರನೆಯ ಬೆಳಿಗ್ಗೆ, ಡ್ರಿಲ್ಲರ್ ಹುಚ್ಚರಾಯಪ್ಪ
ಡೀಸೆಲ್ ಬಿಲ್ಲಿಗೆ ಸಹಿ ಕೇಳಲು ಬಂದವನು
ಪರದೆ ನೋಡಿ ತಲೆ ಕೆರೆದುಕೊಂಡ.
"ಹದಿನೇಳು ಅಲ್ಲಿಲ್ಲ ಮೇಡಂ.
ನೀವು ಗೂಟ ಹೊಡ್ದಿದ್ ಕಡೆ
ಟಿಟ್ಟಿಭ ಮೊಟ್ಟೆ ಇಟ್ಟಿತ್ತು, ನಾಕು.
ರಿಗ್ ನಿಲ್ಸಕ್ಕೆ ಮನಸ್ಸು ಬರ್ಲಿಲ್ಲ.
ಹದಿನಾಲ್ಕು ಹೆಜ್ಜೆ ಮೂಡ್ಲಾಗೆ ತಗೊಂಡೆ.
ಹೇಳಿದ್ರೆ ಬೈತೀರ ಅಂತ..."

ಬೈದೆ. ಸಾಕಷ್ಟು.
ಆಮೇಲೆ ಟೇಪು ಹಿಡಿದು ಹೋದೆವು.
ಹನ್ನೊಂದು ಮೀಟರ್, ಹತ್ತು ಸೆಂಟಿಮೀಟರ್.
ಗೂಟದ ಬುಡದಲ್ಲಿ ಜಂಬಿಟ್ಟಿಗೆಯ ಹರಳು ಸುತ್ತಿಟ್ಟ ಕುಳಿ,
ಅಂಗೈಯಗಲ, ಖಾಲಿ.
ತಲೆಯ ಮೇಲೆ ಎರಡು ಹಕ್ಕಿ
ಪಹಣಿ ತಮ್ಮ ಹೆಸರಲ್ಲೇ ಇದ್ದಂತೆ ಕೂಗಾಡಿದವು.

ಬಂದು ನಿರ್ದೇಶಾಂಕ ತಿದ್ದಿದೆ.
ಪದರ ನೆಟ್ಟಗಾಯಿತು.
ಅಷ್ಟು ವರ್ಷ ಬಿರಿದುಕೊಂಡಿದ್ದ ನೆಲ
ಮಧ್ಯಾಹ್ನದ ಊಟದೊಳಗೆ ಕೂಡಿಕೊಂಡಿತು.
ಪ್ಯಾರಾ ಅಳಿಸಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

ಸ್ಥಳಾಂತರಕ್ಕೆ ಕಾರಣ ಕೇಳುತ್ತದೆ ಸಾಫ್ಟ್‌ವೇರ್.
ಪಟ್ಟಿಯಲ್ಲಿರುವುದು ರಸ್ತೆ, ಹಳ್ಳ, ಇಳಿಜಾರು,
ವಿದ್ಯುತ್ ತಂತಿ, ಇತರೆ.
ಇತರೆ ಒತ್ತಿದೆ.
ಷರಾ ಎಂದಿದ್ದಲ್ಲಿ ಕರ್ಸರ್ ಮಿಟುಕುತ್ತ ಕಾಯಿತು.
ಕೆಳಗಿನಿಂದ ಗುತ್ಯಮ್ಮ ಕೂಗಿದಳು,
ಹದಿನೇಳರ ಪೆಟ್ಟಿಗೆ ಎಲ್ಲಿಡಲಿ?
ಎಲ್ಲಿತ್ತೋ ಅಲ್ಲೇ, ಅಂದೆ.

ಗೂಟದ ಕೆಳಗೆ ಏನಿದೆಯೋ, ಯಾರೂ ಕೊರೆದಿಲ್ಲ.
ಮಾಡೆಲ್‌ನಲ್ಲಿ ಅಲ್ಲಿಗೆ ಕೆಂಪು ಬಂದಿದೆ.
ಹತ್ತಿರ ತಾನೆ,
ಹನ್ನೊಂದೇ ಮೀಟರು.